ಗಡಿನಾಡಿನ ಮರೆವು, ಗಡಿನಾಡಿನ ನೆನಪು: ‘ಪಶ್ಚಿಮಯಾತ್ರೆ’ಯ ಕಥನ ಪರಂಪರೆ

1. ಪ್ರವೇಶ

ಒಂದು ಯಾತ್ರೆಯಿಂದ ಎರಡು ಗ್ರಂಥಗಳು ಹುಟ್ಟಿಕೊಂಡವು. ಚೀನೀ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ ಭಾರತದಿಂದ ಹಿಂದಿರುಗಿದ ಮರುವರ್ಷ, ಅಂದರೆ 646ರಲ್ಲಿ, ತಾಂಗ್ ಚಕ್ರವರ್ತಿ ತಾಯ್‌ಜೋಂಗನ ಅಪ್ಪಣೆಯಂತೆ ಸಿದ್ಧಪಡಿಸಿಕೊಟ್ಟ ‘ಪಶ್ಚಿಮ ದೇಶಗಳ ವೃತ್ತಾಂತ’ ಮೊದಲನೆಯದು. ಭಾರತೀಯ ಚರಿತ್ರೆಯ ಓದುಗರು ಇದನ್ನು ‘ಸಿ-ಯು-ಕಿ’ ಎಂಬ ಹೆಸರಿನಿಂದ ಬಲ್ಲರು. 1592ರಲ್ಲಿ ನಾನ್‌ಜಿಂಗ್ ನಗರದಲ್ಲಿ ಅಚ್ಚಾದ, ಕರ್ತೃವಿನ ಹೆಸರಿಲ್ಲದ, ನೂರು ಅಧ್ಯಾಯಗಳ ಕಾದಂಬರಿ ‘ಪಶ್ಚಿಮಯಾತ್ರೆ’ ಎರಡನೆಯದು. ಮೊದಲನೆಯ ಗ್ರಂಥದಲ್ಲಿ ಭಿಕ್ಷು ಕಂಡ ಮತ್ತು ಕೇಳಿದ ನಾಡುಗಳ ವಿವರಗಳಿವೆ. ಎರಡನೆಯದರಲ್ಲಿ ಅದೇ ಭಿಕ್ಷು ಹೆಜ್ಜೆಹೆಜ್ಜೆಗೂ ಕಣ್ಣೀರಿಡುವ ಅಂಜುಬುರುಕ. ಯಾತ್ರೆಯನ್ನು ದಡ ಮುಟ್ಟಿಸುವವನು ಸುನ್ ವುಕೋಂಗ್ ಎಂಬ ವಾನರ. ಈ ಎರಡರ ನಡುವಣ ಅಂತರ 946 ವರ್ಷ.

ಈ ದೀರ್ಘಾವಧಿಯನ್ನು ವಿದ್ವತ್ತು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕಂಡಿದೆ. ಚರಿತ್ರೆಕಾರರಿಗೆ ಅದು ಸಂಗತಿಯು ಕಟ್ಟುಕಥೆಯಾಗಿ ಕೆಟ್ಟುಹೋದ ಕಾಲ. ಸಾಹಿತ್ಯ ಚರಿತ್ರೆಕಾರರಿಗೆ ಅದು ಮಹಾಕೃತಿಯೊಂದಕ್ಕೆ ಸಾಮಗ್ರಿ ಒದಗಿದ ಕಾಲ. ಈ ಎರಡೂ ನಿಲುವುಗಳಲ್ಲಿ, ಕಥೆಯನ್ನು ಬಾಯಿಂದ ಬಾಯಿಗೆ, ಗುಹೆಯ ಗೋಡೆಯಿಂದ ಪೇಟೆಯ ಪುಸ್ತಕಕ್ಕೆ, ಅಲ್ಲಿಂದ ರಂಗಕ್ಕೆ ಸಾಗಿಸಿದ ಅನಾಮಿಕರು ಗೌಣರಾಗುತ್ತಾರೆ. ಆ ಕಾಲಾವಧಿಯನ್ನೇ ಕೇಂದ್ರವಾಗಿಟ್ಟುಕೊಂಡು ಪರಂಪರೆಯನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹಾಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಾತ್ರೆಯನ್ನು ಸಾಧ್ಯಗೊಳಿಸಿದ ಗಡಿನಾಡಿನ ಜನರನ್ನು ಪ್ರಭುತ್ವದ ಬರಹ ಕೈಬಿಟ್ಟಿತು. ಕಥನ ಪರಂಪರೆಯು ಅವರ ಋಣವನ್ನು ಚಕ್ರವರ್ತಿಯ ಲೆಕ್ಕಕ್ಕೆ ಬರೆದುಕೊಂಡಿತಾದರೂ ಅವರ ಸ್ಥಾನವನ್ನು ತೆರವಾಗಿ ಬಿಡಲಿಲ್ಲ. ಬೇರೆ ವೇಷಗಳಿಂದ ಅದನ್ನು ತುಂಬಿತು. ಇಪ್ಪತ್ತನೆಯ ಶತಮಾನದ ವಿದ್ವತ್ತು ಮಾತ್ರ ‘ಈ ವಾನರ ಭಾರತದವನೋ ಚೀನಾದವನೋ’ ಎಂಬ ಪ್ರಶ್ನೆಯಲ್ಲಿ ಮುಳುಗಿ ಅದೇ ಜನರನ್ನು ಇನ್ನೊಮ್ಮೆ ಮರೆಯಿತು.

2. ಪ್ರಭುತ್ವದ ಬರಹ

ಹ್ಯೂಯೆನ್ ತ್ಸಾಂಗನ ‘ವೃತ್ತಾಂತ’ವು 12 ಸುರುಳಿಗಳಲ್ಲಿ 138 ನಾಡುಗಳನ್ನು ವಿವರಿಸುತ್ತದೆ. ಅವನು ಹೇಳಿದ್ದನ್ನು ಬಿಯಾನ್‌ಜಿ ಎಂಬ ಭಿಕ್ಷು ಬರೆದುಕೊಂಡನು. ನಾಡಿನ ಸುತ್ತಳತೆ, ರಾಜಧಾನಿ, ಬೆಳೆ, ಹವೆ, ಜನರ ನಡತೆ, ವಿಹಾರಗಳ ಸಂಖ್ಯೆ ಎಂಬ ಕ್ರಮವನ್ನು ಗ್ರಂಥ ಬಹುಮಟ್ಟಿಗೆ ಪಾಲಿಸುತ್ತದೆ. ಪಶ್ಚಿಮದತ್ತ ತನ್ನ ಸೈನ್ಯ ಮತ್ತು ರಾಯಭಾರಗಳನ್ನು ವಿಸ್ತರಿಸುತ್ತಿದ್ದ ತಾಂಗ್ ಪ್ರಭುತ್ವಕ್ಕೆ ಇಂಥ ಮಾಹಿತಿ ಅಗತ್ಯವಾಗಿತ್ತು. 641ರಲ್ಲಿ ಹರ್ಷವರ್ಧನನು ಚೀನಾಕ್ಕೆ ದೂತರನ್ನು ಕಳುಹಿಸಿದ್ದನು. 643ರಿಂದ ವಾಂಗ್ ಷುವಾನ್‌ತ್ಸೆ ಎಂಬ ತಾಂಗ್ ಅಧಿಕಾರಿ ಭಾರತಕ್ಕೆ ಮತ್ತೆ ಮತ್ತೆ ರಾಯಭಾರ ಬಂದನು. ಹಿಂದಿರುಗಿದ ಭಿಕ್ಷುವನ್ನು ತಾಯ್‌ಜೋಂಗನು ಕಾವಿ ಬಿಟ್ಟು ಮಂತ್ರಿಯಾಗೆಂದು ಕೇಳಿದ್ದರ ಹಿಂದೆಯೂ ಇದೇ ಆಸಕ್ತಿಯಿತ್ತು. ಭಿಕ್ಷು ಒಪ್ಪಲಿಲ್ಲ, ಗ್ರಂಥವನ್ನು ಬರೆಸಿಕೊಟ್ಟನು.

ಕರ್ನಾಟಕದ ಚರಿತ್ರೆಗೂ ಈ ಗ್ರಂಥ ಒಂದು ಮುಖ್ಯ ಆಕರ. ಬಾದಾಮಿ ಚಾಳುಕ್ಯರ ಇಮ್ಮಡಿ ಪುಲಕೇಶಿಯ ನಾಡನ್ನೂ, ಹರ್ಷನಿಗೆ ಮಣಿಯದ ಅಲ್ಲಿನ ಜನರ ಸ್ವಾಭಿಮಾನವನ್ನೂ ಹ್ಯೂಯೆನ್ ತ್ಸಾಂಗನು ದಾಖಲಿಸಿದ್ದಾನೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುವ ಹರ್ಷನ ಸೋಲಿಗೆ ಇದು ಹೊರನಾಡಿನ ಸಾಕ್ಷ್ಯವಾಗಿ ಒದಗಿಬಂದಿದೆ. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್‌ನಂತಹ ಪುರಾತತ್ತ್ವಜ್ಞರು ಬೌದ್ಧ ನೆಲೆಗಳನ್ನು ಗುರುತಿಸಿದ್ದು ಇದೇ ಗ್ರಂಥದ ದೂರ ಮತ್ತು ದಿಕ್ಕುಗಳ ಲೆಕ್ಕವನ್ನು ಹಿಡಿದು. ಆದರೆ ದೂರ, ದಿಕ್ಕು, ದೊರೆಗಳ ಹೆಸರು ಇವನ್ನು ಆರಿಸಿಕೊಂಡ ಚರಿತ್ರೆಕಾರರು ಗ್ರಂಥದ ತುಂಬ ಹರಡಿಕೊಂಡಿರುವ ಸ್ಥಳಪುರಾಣಗಳನ್ನು ಪವಾಡಗಳೆಂದು ಬದಿಗಿರಿಸಿದರು. ವಾರಾಣಸಿಯ ಭಾಗದಲ್ಲಿ ನರಿ, ಕೋತಿ, ಮೊಲಗಳ ಕಥೆಯಿದೆ: ಹಸಿದು ಬಂದ ಮುದುಕನ ವೇಷದ ಇಂದ್ರನಿಗೆ ಕೋತಿ ಹಣ್ಣು ತಂದುಕೊಡುತ್ತದೆ, ಮೊಲ ತನ್ನ ದೇಹವನ್ನೇ ಬೆಂಕಿಗೆ ಒಪ್ಪಿಸಿ ಚಂದ್ರನನ್ನು ಸೇರುತ್ತದೆ. ವೈಶಾಲಿಯಲ್ಲಿ ಕೋತಿಗಳು ಬುದ್ಧನಿಗಾಗಿ ಕೆರೆ ತೋಡಿದ, ಅವನ ಭಿಕ್ಷಾಪಾತ್ರೆಯನ್ನು ಒಯ್ದು ಜೇನು ತಂದ ನೆಲೆಗಳ ಉಲ್ಲೇಖವಿದೆ. ಚಕ್ರವರ್ತಿಗಾಗಿ ಸಿದ್ಧವಾದ ವರದಿಯೊಳಗೇ ಭಾರತದ ಜನಪದ ಕಥೆಗಳು ಚೀನಾವನ್ನು ತಲುಪಿದವು ಎಂಬುದು ಗಮನಾರ್ಹ.

ಈ ಗ್ರಂಥದ ಆರಂಭದಲ್ಲೇ ಒಂದು ಲೋಪವಿದೆ. ಗಾವೊಚಾಂಗಿನ ಹಳೆಯ ಸೀಮೆಯನ್ನು ದಾಟಿದ ಮೇಲೆ ಸಿಗುವ ಅಗ್ನಿ ದೇಶದಿಂದ, ಅಂದರೆ ಇಂದಿನ ಯಾನ್‌ಚಿಯಿಂದ, ವಿವರಣೆ ಶುರುವಾಗುತ್ತದೆ. ಗಾವೊಚಾಂಗ್ ಎಂದರೆ ಇಂದಿನ ತುರ್ಫಾನ್ ಪ್ರದೇಶ. ಭಿಕ್ಷು ಹೋಗುವಾಗ ಅದು ಸ್ವತಂತ್ರ ರಾಜ್ಯವಾಗಿತ್ತು. 640ರಲ್ಲಿ ತಾಂಗ್ ಸೈನ್ಯ ಅದನ್ನು ಗೆದ್ದು ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ‘ವೃತ್ತಾಂತ’ ಸಿದ್ಧವಾಗುವ ವೇಳೆಗೆ ಅದು ‘ಪಶ್ಚಿಮ ದೇಶ’ಗಳ ಪಟ್ಟಿಯಲ್ಲಿ ಉಳಿದಿರಲಿಲ್ಲ. ಪ್ರಭುತ್ವದ ದೃಷ್ಟಿಯಿಂದ ಇದು ಸಹಜವಾದ ಕ್ರಮ. ಆದರೆ ಆ ನಾಡಿಗೂ ಯಾತ್ರೆಗೂ ಇದ್ದ ನಂಟನ್ನು ತಿಳಿದವರಿಗೆ ಆ ಮೌನದ ಅರ್ಥ ಬೇರೆಯೇ ಆಗಿ ಕಾಣುತ್ತದೆ.

3. ಶಿಷ್ಯರು ಉಳಿಸಿಕೊಟ್ಟ ವಿವರಗಳು

ಆ ನಂಟನ್ನು ತಿಳಿಯಲು ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆಯನ್ನು ನೋಡಬೇಕು. ಶಿಷ್ಯ ಹುಯಿಲಿ ಆರಂಭಿಸಿದ ಇದನ್ನು ಯಾನ್‌ತ್ಸೊಂಗ್ ಎಂಬವನು 688ರಲ್ಲಿ ಪೂರ್ಣಗೊಳಿಸಿದನು. ಅದರ ಪ್ರಕಾರ ಭಿಕ್ಷು ಹೊರಟದ್ದು 629ರಲ್ಲಿ. 627 ಎಂಬ ಮತವೂ ಇದೆ. ಆಗ ಗಡಿ ದಾಟುವುದಕ್ಕೆ ಚಕ್ರವರ್ತಿಯ ನಿಷೇಧವಿತ್ತು. ಅನುಮತಿ ಬೇಡಿ ಸಲ್ಲಿಸಿದ ಮನವಿ ಫಲಿಸದೆ ಹೋದಾಗ ಅವನು ಕದ್ದು ಹೊರಟನು. ಗಡಿ ಪಟ್ಟಣವಾದ ಗುವಾಜೌಗೆ ಅವನನ್ನು ಬಂಧಿಸುವ ಆಜ್ಞೆ ಬಂತು. ಧರ್ಮನಿಷ್ಠನಾಗಿದ್ದ ಲಿ ಚಾಂಗ್ ಎಂಬ ಸ್ಥಳೀಯ ಅಧಿಕಾರಿ ಆ ಪತ್ರವನ್ನು ಅವನೆದುರಿಗೇ ಹರಿದು ಹಾಕಿ ಬೇಗ ಹೊರಡುವಂತೆ ತಿಳಿಸಿದನು.

ಗುವಾಜೌವಿನಲ್ಲಿಯೇ ಷಿ ಪಾನ್‌ತುಒ ಎಂಬ ‘ಹು’ ಜನಾಂಗದವನು ಭಿಕ್ಷುವಿಗೆ ದಾರಿತೋರುಗನಾಗಿ ದೊರೆತನು. ಮಧ್ಯ ಏಷ್ಯಾದಿಂದ ಬಂದು ನೆಲೆಸಿದ ಪರದೇಶಿಗಳನ್ನು, ವಿಶೇಷವಾಗಿ ಸೊಗ್ದಿಯನ್ ವರ್ತಕರನ್ನು, ಚೀನೀಯರು ‘ಹು’ ಎನ್ನುತ್ತಿದ್ದರು. ‘ಷಿ’ ಎಂಬುದು ತಾಷ್ಕೆಂಟ್ ಸೀಮೆಯ ಮೂಲದವರು ಚೀನಾದಲ್ಲಿ ಇರಿಸಿಕೊಂಡಿದ್ದ ಮನೆತನದ ಹೆಸರು. ‘ಪಾನ್‌ತುಒ’ ಎಂಬುದು ಸೊಗ್ದಿಯನ್ ಭಾಷೆಯಲ್ಲಿ ‘ಸೇವಕ’ ಎಂಬರ್ಥದ ಪದದ ಚೀನೀ ರೂಪ. ಈತ ಭಿಕ್ಷುವಿನಿಂದ ಪಂಚಶೀಲ ಸ್ವೀಕರಿಸಿದನು. ಹಾದಿ ಬಲ್ಲ ಮುದುಕನೊಬ್ಬನನ್ನು ಕರೆತಂದನು. ಆ ಮುದುಕನಿಂದ ಭಿಕ್ಷುವಿಗೆ ದೊರೆತದ್ದು, ಮರುಭೂಮಿಯನ್ನು ಹದಿನೈದು ಬಾರಿ ದಾಟಿ ಬಂದಿದ್ದ ಬಡಕಲು ಕೆಂಪು ಕುದುರೆ. ಷಿ ಪಾನ್‌ತುಒ ಮರ ಕಡಿದು ಸೇತುವೆ ಕಟ್ಟಿ ಭಿಕ್ಷುವನ್ನು ಹೊಳೆ ದಾಟಿಸಿದನು. ಆದರೆ ಅಂದಿನ ರಾತ್ರಿ ಕತ್ತಿ ಹಿರಿದು ಮಲಗಿದ್ದ ಭಿಕ್ಷುವಿನತ್ತ ಬಂದು, ಹತ್ತಿರದವರೆಗೂ ಬಂದು, ಹಿಂದಿರುಗಿದನು. ಬೆಳಗಾದ ಮೇಲೆ, ಸಿಕ್ಕಿಬಿದ್ದರೆ ತನ್ನ ಮನೆಯವರ ಗತಿಯೇನು ಎಂದು ಹೇಳಿಕೊಂಡು ಊರಿಗೆ ಮರಳಿದನು. ಭಿಕ್ಷು ಒಬ್ಬನೇ ಮರುಭೂಮಿಯನ್ನು ಹೊಕ್ಕನು. ನೀರಿನ ಚೀಲ ಕೈತಪ್ಪಿ ಚೆಲ್ಲಿಹೋಯಿತು. ನಾಲ್ಕು ರಾತ್ರಿ, ಐದು ಹಗಲು ಹನಿ ನೀರಿಲ್ಲ. ಕೊನೆಗೆ ಕನಸಿನಲ್ಲಿ ಆಯುಧ ಹಿಡಿದ ಭಾರೀ ಎತ್ತರದ ದೇವತೆಯೊಂದು ಕಾಣಿಸಿಕೊಂಡು, ಮಲಗಿದ್ದೇಕೆ, ಎದ್ದು ನಡೆ ಎಂದು ಗದರಿಸಿತು. ಹಾದಿ ಬಲ್ಲ ಕುದುರೆ ಅವನನ್ನು ಹುಲ್ಲು ನೀರು ಇದ್ದೆಡೆಗೆ ಒಯ್ದಿತು.

ಮುಂದೆ ಎದುರಾದದ್ದು ಗಾವೊಚಾಂಗ್. ಅದರ ದೊರೆ ಚ್ಯೂ ವೆಂತಾಯ್ ಹಾನ್ ಮೂಲದ ವಂಶದವನಾದರೂ ಸೊಗ್ದಿಯನ್, ತುರ್ಕಿ ಜನರೆಲ್ಲ ಬೆರೆತಿದ್ದ ಗಡಿರಾಜ್ಯದ ಒಡೆಯ. ಅವನು ಭಿಕ್ಷುವನ್ನು ತನ್ನಲ್ಲಿಯೇ ಉಳಿಸಿಕೊಳ್ಳಲು ಬಲವಂತ ಮಾಡಿದಾಗ ಭಿಕ್ಷು ಅನ್ನ ನೀರು ಬಿಟ್ಟು ಕುಳಿತನು. ದೊರೆ ಮಣಿದನು. ರಾಜಮಾತೆಯ ಎದುರಿಗೆ ಇಬ್ಬರೂ ಅಣ್ಣತಮ್ಮಂದಿರಾಗಿ ಆಣೆಯಿಟ್ಟುಕೊಂಡರು. ಬರುವಾಗ ಮೂರು ವರ್ಷ ಅಲ್ಲಿ ತಂಗಬೇಕೆಂಬ ಕರಾರಿನ ಮೇಲೆ ದೊರೆ ಅವನಿಗೆ 30 ಕುದುರೆ, 25 ಆಳು, ಚಿನ್ನ ಬೆಳ್ಳಿ, ದಾರಿಯುದ್ದದ 24 ರಾಜ್ಯಗಳಿಗೆ ಪತ್ರಗಳನ್ನು ಕೊಟ್ಟನು. ಕದ್ದು ಓಡಿಬಂದಿದ್ದ ಒಂಟಿ ಭಿಕ್ಷು ರಾಜಮರ್ಯಾದೆಯ ಯಾತ್ರಿಕನಾದದ್ದು ಇಲ್ಲಿಂದ. ಆ ಕರಾರು ನಡೆಯಲಿಲ್ಲ. 640ರಲ್ಲಿ ತಾಂಗ್ ಸೈನ್ಯ ಏರಿಬಂದಾಗ ಚ್ಯೂ ವೆಂತಾಯ್ ಸತ್ತನು, ರಾಜ್ಯ ಅಳಿಯಿತು. ಹ್ಯೂಯೆನ್ ತ್ಸಾಂಗನು ಮರಳುವಾಗ ಖೋತಾನಿನಿಂದ ತಾಯ್‌ಜೋಂಗನಿಗೆ ಬರೆದ ಕ್ಷಮಾಯಾಚನೆಯ ಪತ್ರವನ್ನು, ವರ್ತಕರ ತಂಡದೊಡನೆ ಹೊರಟಿದ್ದ ಒಬ್ಬ ಗಾವೊಚಾಂಗಿನವನೇ ಒಯ್ದನು. 645ರಲ್ಲಿ ಭಿಕ್ಷು 657 ಗ್ರಂಥಗಳೊಡನೆ ಚಾಂಗಾನ್ ಸೇರಿದಾಗ, ಅವನ ಯಾತ್ರೆಗೆ ನಿಷೇಧ ಹಾಕಿದ್ದ ಪ್ರಭುತ್ವವೇ ಅವನನ್ನು ಸಂಭ್ರಮದಿಂದ ಬರಮಾಡಿಕೊಂಡಿತು.

4. ಕಾದಂಬರಿಯಲ್ಲಿ ಆದ ಪಲ್ಲಟಗಳು

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು 1592ರ ಕಾದಂಬರಿಗೆ ಬಂದರೆ ನಾಲ್ಕು ಪಲ್ಲಟಗಳು ಎದ್ದು ಕಾಣುತ್ತವೆ.

ಮೊದಲನೆಯದು ಚಕ್ರವರ್ತಿಯ ಸ್ಥಾನ. ಕಾದಂಬರಿಯಲ್ಲಿ ಯಾತ್ರೆಗೆ ನಿಷೇಧವಿಲ್ಲ. ಯಮಲೋಕವನ್ನು ಕಂಡು ಮರಳಿದ ತಾಯ್‌ಜೋಂಗನೇ ಯಾತ್ರೆಯ ಪ್ರೇರಕ. ಅವನು ಭಿಕ್ಷುವನ್ನು ತಮ್ಮನೆಂದು ಸ್ವೀಕರಿಸಿ, ಭಿಕ್ಷಾಪಾತ್ರೆ, ಕುದುರೆ, ಇಬ್ಬರು ಸೇವಕರನ್ನು ಕೊಟ್ಟು ಬೀಳ್ಕೊಡುತ್ತಾನೆ. ಕಥೆಯುದ್ದಕ್ಕೂ ಭಿಕ್ಷು ‘ಚಕ್ರವರ್ತಿಯ ತಮ್ಮ’ ಎಂದೇ ಪ್ರಸಿದ್ಧ. ಗಾವೊಚಾಂಗಿನ ದೊರೆ ಮಾಡಿದ್ದೆಲ್ಲವೂ, ಅಣ್ಣತಮ್ಮಿಕೆಯ ಆಣೆಯಿಂದ ಹಿಡಿದು ಕುದುರೆ ಆಳುಗಳವರೆಗೆ, ಆ ರಾಜ್ಯವನ್ನು ಅಳಿಸಿದವನ ಹೆಸರಿಗೆ ವರ್ಗವಾಗಿದೆ. ಇದನ್ನು ಯಾರೋ ಕುಳಿತು ಹೂಡಿದ ಸಂಚೆಂದು ಭಾವಿಸಬೇಕಾಗಿಲ್ಲ. ದಾನದ ಕಥೆಗಳು ಕಾಲಾಂತರದಲ್ಲಿ ದೊಡ್ಡ ಹೆಸರಿನತ್ತ ಸರಿಯುವುದು ಜಾನಪದ ಅಧ್ಯಯನಕ್ಕೆ ಪರಿಚಿತವಾದ ಪ್ರಕ್ರಿಯೆ. ಆದರೆ ಪ್ರಕ್ರಿಯೆ ಸಹಜವೆಂಬ ಮಾತ್ರಕ್ಕೆ ಅದರ ಫಲ ನಿರುಪದ್ರವಿಯಾಗುವುದಿಲ್ಲ. ಸೋತವನ ಔದಾರ್ಯ ಗೆದ್ದವನ ಕೀರ್ತಿಯಾಗಿ ಶತಮಾನಗಳ ಕಾಲ ಜನಮನದಲ್ಲಿ ನಿಂತಿದೆ.

ಎರಡನೆಯದು ಕುದುರೆ. ಹಾದಿ ಬಲ್ಲ ಬಡಕಲು ಕೆಂಪು ಕುದುರೆಯ ಜಾಗದಲ್ಲಿ ಚಕ್ರವರ್ತಿ ಕೊಟ್ಟ ಬಿಳಿ ಕುದುರೆ ಬರುತ್ತದೆ. ಆದರೆ ಕಥೆ ಅದನ್ನು ಬಹಳ ದೂರ ನಡೆಯಗೊಡುವುದಿಲ್ಲ. ಮಡುವಿನ ನಾಗ ಅದನ್ನು ನುಂಗಿ ಬಳಿಕ ತಾನೇ ಕುದುರೆಯಾಗುತ್ತದೆ. ಚಕ್ರವರ್ತಿ ಕೊಟ್ಟ ಇಬ್ಬರು ಸೇವಕರೂ ಯಾತ್ರೆಯ ಆರಂಭದಲ್ಲೇ ರಾಕ್ಷಸರ ಬಾಯಿಗೆ ತುತ್ತಾಗುತ್ತಾರೆ. ಅರಮನೆಯ ಕೊಡುಗೆಗಳಾವುವೂ ಗಡಿಯಾಚೆಗೆ ಕೆಲಸಕ್ಕೆ ಬರುವುದಿಲ್ಲ ಎಂಬ ಅರಿವು ಕಥನದ ಒಳಪದರದಲ್ಲಿ ಉಳಿದುಬಂದಿದೆ.

ಮೂರನೆಯದು ಮರುಭೂಮಿಯ ದೇವತೆ. ಕನಸಿನಲ್ಲಿ ಗದರಿಸಿದ ಆ ಆಕೃತಿ ಮುಂದೆ ‘ಷೆನ್‌ಷಾ’, ಅಂದರೆ ಆಳ ಮರಳಿನ ದೇವತೆಯಾಗಿ ಪೂಜೆಗೊಂಡಿತು. ಜಪಾನಿನ ಬೌದ್ಧ ಚಿತ್ರಗಳಲ್ಲಿಯೂ ಅದು ತಲೆಬುರುಡೆಗಳ ಸರ ತೊಟ್ಟು ಕಾಣಿಸಿಕೊಳ್ಳುತ್ತದೆ. ಹದಿಮೂರನೆಯ ಶತಮಾನದ ಸುಮಾರಿನ ಕಥಾಪುಸ್ತಕದಲ್ಲಿ ಈ ದೇವತೆ, ಹಿಂದಿನ ಎರಡು ಜನ್ಮಗಳಲ್ಲಿ ಭಿಕ್ಷುವನ್ನು ತಾನೇ ತಿಂದು ಅವನ ಎಲುಬುಗಳನ್ನು ಕೊರಳಿಗೆ ಕಟ್ಟಿಕೊಂಡಿರುವುದಾಗಿ ಒಪ್ಪಿಕೊಂಡು, ಬಳಿಕ ಸೇತುವೆಯಾಗಿ ಅವನನ್ನು ದಾಟಿಸುತ್ತದೆ. ಕಾದಂಬರಿಯಲ್ಲಿ ಅದು ಷಾ ಎಂಬ ಶಿಷ್ಯನಾಗಿದೆ.

ನಾಲ್ಕನೆಯದು ದಾರಿತೋರುಗ. ಗಡಿಯ ಹೊರಗಿನವನು, ದೀಕ್ಷೆ ಪಡೆದವನು, ದಾಟಿಸಿದವನು, ಕೊಲ್ಲಲೂ ಮನಸ್ಸು ಮಾಡಿದವನು: ಷಿ ಪಾನ್‌ತುಒವಿನ ಈ ಲಕ್ಷಣಗಳನ್ನು ಹಿಡಿದು ಅವನೇ ಸುನ್ ವುಕೋಂಗನ ಮೂಲವೆಂದು ಕೆಲವು ಚೀನೀ ವಿದ್ವಾಂಸರು ವಾದಿಸಿದ್ದಾರೆ. ಇದನ್ನು ನೇರ ಸಮೀಕರಣವಾಗಿ ಒಪ್ಪುವುದು ಕಷ್ಟ. ವ್ಯಕ್ತಿಯೊಬ್ಬ ಪಾತ್ರವಾದ ಹಾದಿಯನ್ನು ತೋರಿಸುವ ನಡುವಣ ಪಠ್ಯಗಳಿಲ್ಲ. ಆದರೆ ಕಥನದ ರಚನೆಯಲ್ಲಿ ಇಬ್ಬರ ಸ್ಥಾನ ಒಂದೇ ಎಂಬುದನ್ನು ಅಲ್ಲಗಳೆಯಲಾಗದು. ಗುರುವನ್ನು ಹೊಡೆಯಲು ದೊಣ್ಣೆಯೆತ್ತುವ ಶಿಷ್ಯ, ತಲೆಗೆ ಬಂಗಾರದ ಬಳೆ ತೊಡಿಸಿ ಹದ್ದಿನಲ್ಲಿಟ್ಟ ಶಿಷ್ಯ, ಅವನಿಲ್ಲದೆ ಗುರು ಒಂದು ಹೆಜ್ಜೆ ಇಡಲಾರ. ನಂಬಲೂ ಆಗದ, ಬಿಡಲೂ ಆಗದ ಪರದೇಶಿಯ ಕುರಿತು ಗಡಿನಾಡಿನ ಸಮಾಜಕ್ಕಿದ್ದ ದ್ವಂದ್ವ ಭಾವವೇ ಇಲ್ಲಿ ಪಾತ್ರವಾಗಿ ನಿಂತಿದೆ.

5. ಮೂಲದ ಚರ್ಚೆ ಮತ್ತು ಅದರ ಮಿತಿ

ವಾನರನ ಮೂಲದ ಚರ್ಚೆ ಆಧುನಿಕ ರೂಪದಲ್ಲಿ ಆರಂಭವಾದದ್ದು 1923ರಲ್ಲಿ. ಪೀಕಿಂಗಿನಲ್ಲಿದ್ದ ಸಂಸ್ಕೃತ ವಿದ್ವಾಂಸ ಸ್ಟೇಲ್-ಹೋಲ್‌ಸ್ಟೈನ್ ನೀಡಿದ ಸೂಚನೆಯನ್ನು ಹಿಡಿದು ಹು ಷಿ, ಸುನ್ ವುಕೋಂಗನ ಮೂಲ ರಾಮಾಯಣದ ಹನುಮಂತ ಎಂದು ಪ್ರತಿಪಾದಿಸಿದನು. ಸುಮಾರು ಅದೇ ಕಾಲದಲ್ಲಿ ಲು ಷುನ್ ತನ್ನ ಚೀನೀ ಕಥಾಸಾಹಿತ್ಯದ ಚರಿತ್ರೆಯಲ್ಲಿ, ಹುವಾಯ್ ನದಿಯ ಕೋತಿರೂಪದ ಜಲರಾಕ್ಷಸ ವುಝಿಚಿಯತ್ತ ಬೆರಳು ತೋರಿಸಿದನು. ತಾಂಗ್ ಕಾಲದ ಲಿ ಗೊಂಗ್‌ತ್ಸುಒ ಬರೆದ ಕಥೆಯಲ್ಲಿ ಈ ರಾಕ್ಷಸನನ್ನು ಪುರಾಣಪುರುಷ ಯೂ ಬೆಟ್ಟದಡಿ ಸರಪಳಿಯಲ್ಲಿ ಕಟ್ಟಿಹಾಕುತ್ತಾನೆ. ವಾಲ್ಮೀಕಿ ರಾಮಾಯಣವನ್ನು ಚೀನೀ ಭಾಷೆಗೆ ಸಂಪೂರ್ಣವಾಗಿ ಅನುವಾದಿಸಿದ ಜಿ ಷಿಯಾನ್‌ಲಿನ್ ಹನುಮಂತನ ಪಕ್ಷ ವಹಿಸಿದರು. 1970ರಲ್ಲಿ ಗ್ಲೆನ್ ಡಡ್‌ಬ್ರಿಜ್ ಕಾದಂಬರಿಯ ಪೂರ್ವಚರಿತ್ರೆಯನ್ನು ಕುರಿತ ಗ್ರಂಥದಲ್ಲಿ ಹನುಮಂತನ ವಾದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಸಂಶಯ ತಾಳಿದರು. 1989ರಲ್ಲಿ ವಿಕ್ಟರ್ ಮೇರ್ ಈ ಇಡೀ ವಾಗ್ವಾದವನ್ನು ಸಮೀಕ್ಷಿಸಿ ಹನುಮಂತನ ಪರವಾದ ಸಾಕ್ಷ್ಯಗಳನ್ನು ಮತ್ತೆ ಮುಂದಿಟ್ಟರು.

ಈ ಚರ್ಚೆಯ ವಿದ್ವತ್ತು ನಿಸ್ಸಂದೇಹವಾಗಿ ದೊಡ್ಡದು. ಆದರೆ ಅದರ ಪ್ರಶ್ನೆಯಲ್ಲಿಯೇ ಎರಡು ಗೃಹೀತಗಳಿವೆ. ಪಾತ್ರವೊಂದಕ್ಕೆ ಒಂದೇ ಜನ್ಮಸ್ಥಳವಿರುತ್ತದೆ ಎಂಬುದು ಮೊದಲನೆಯದು. ಕಥೆಯ ಪ್ರಯಾಣವೆಂದರೆ ಒಂದು ಮಹಾನಾಗರಿಕತೆ ಕೊಟ್ಟು ಇನ್ನೊಂದು ಪಡೆದುಕೊಳ್ಳುವ ವ್ಯವಹಾರ ಎಂಬುದು ಎರಡನೆಯದು. 1859ರಲ್ಲಿ ಪಂಚತಂತ್ರವನ್ನು ಅನುವಾದಿಸಿದ ಥಿಯೊಡೊರ್ ಬೆನ್‌ಫೈ ಜಗತ್ತಿನ ಕಥೆಗಳಿಗೆ ಭಾರತವನ್ನು ತವರೆಂದು ಸಾರಿದ ಕಾಲದಿಂದಲೂ ಈ ಗೃಹೀತಗಳು ಜಾನಪದ ಅಧ್ಯಯನದ ಬೆನ್ನುಬಿದ್ದಿವೆ. ಭಾರತೀಯ ವಿದ್ವಾಂಸರಿಗೆ ಹನುಮಂತನ ವಾದ ಹೆಮ್ಮೆಯ ವಿಷಯವಾಗಿ, ಅವರ ಎದುರು ಪಕ್ಷಕ್ಕೆ ವುಝಿಚಿಯ ವಾದ ಸ್ವಂತಿಕೆಯ ವಿಷಯವಾಗಿ ಮಾರ್ಪಡುವುದು ಇಂಥ ಪ್ರಶ್ನೆಯ ಅನಿವಾರ್ಯ ಪರಿಣಾಮ. ಇಬ್ಬರ ನಡುವೆ ಇದ್ದ ಸಾವಿರಾರು ಮೈಲಿಗಳ ನಾಡು ಬರಿಯ ಹಾದಿಯಾಗಿ, ಅಲ್ಲಿನ ಜನ ಬರಿಯ ಹಮಾಲರಾಗಿ ಉಳಿಯುತ್ತಾರೆ.

ಈ ಮಾತಿಗೆ ಒಂದು ಮುಖ್ಯ ಅಪವಾದವಿದೆ. 1930ರಲ್ಲಿ ಚೆನ್ ಯಿನ್‌ಕೆ ಬರೆದ ಲೇಖನ ಈ ವಿಷಯದಲ್ಲಿ ಇಂದಿಗೂ ಮಾರ್ಗದರ್ಶಕ. ವಾನರನು ಸ್ವರ್ಗದ ಮೇಲೆ ದಂಗೆಯೇಳುವ ಪ್ರಸಂಗದಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಭಾರತೀಯ ಕಥೆಗಳು ಬೆಸೆದುಕೊಂಡಿವೆ ಎಂದು ಅವರು ತೋರಿಸಿದರು. ಇಂದ್ರನ ಪದವಿಗೆ ಆಸೆಪಟ್ಟ ಮಾಂಧಾತನ ಕಥೆ ಒಂದು. ಕಪಿಗಳು ಸೇತುವೆ ಕಟ್ಟಿದ ರಾಮಾಯಣದ ಕಥೆ ಇನ್ನೊಂದು. ಧರ್ಮೋಪದೇಶ ಮಾಡುವ ಭಿಕ್ಷು ಒಂದೇ ಬೈಠಕ್ಕಿನಲ್ಲಿ ಎರಡನ್ನೂ ಹೇಳಿದಾಗ ಕೇಳುಗರ ನೆನಪಿನಲ್ಲಿ ಅವು ಒಂದಾಗಿರಬಹುದು ಎಂಬುದು ಅವರ ಊಹೆ. ಇದಕ್ಕೆ ಅವರು ಬಳಸಿಕೊಂಡ ಆಕರಗಳಲ್ಲಿ ಪ್ರಾಜ್ಞ ಮತ್ತು ಮೂಢರ ಕಥೆಗಳ ಒಂದು ಬೌದ್ಧ ಸಂಕಲನವಿದೆ. ಎಂಟು ಮಂದಿ ಚೀನೀ ಭಿಕ್ಷುಗಳು ಖೋತಾನಿನ ಧರ್ಮಸಭೆಯಲ್ಲಿ ಕೇಳಿದ್ದನ್ನು ಬರೆದುಕೊಂಡು, 445ರಲ್ಲಿ ಗಾವೊಚಾಂಗಿನಲ್ಲಿ ಒಟ್ಟುಗೂಡಿಸಿದ ಟಿಪ್ಪಣಿಗಳೇ ಆ ಸಂಕಲನ. ಭಾರತದ ಕಥೆ ಚೀನೀ ಭಾಷೆಯ ರೂಪ ತಳೆದದ್ದು ಬಾಯಿಮಾತಿನಿಂದ, ಅದೂ ನಡುನಾಡಿನ ಎರಡು ಪಟ್ಟಣಗಳಲ್ಲಿ. ಚೆನ್ ಅವರ ಲೇಖನವನ್ನು ಮುಂದಿನವರು ‘ಭಾರತ ಮೂಲ’ದ ಪಕ್ಷಕ್ಕೆ ಪುರಾವೆಯಾಗಿ ಉದ್ಧರಿಸಿದರೇ ಹೊರತು, ಅದರೊಳಗಿದ್ದ ಈ ಸುಳಿವನ್ನು ಬೆಳೆಸಲಿಲ್ಲ.

6. ನಡುನಾಡಿನ ಆಕರಗಳು

ಆ ಸುಳಿವನ್ನು ಹಿಡಿದು ಹೊರಟರೆ ಲಭ್ಯವಿರುವ ಆಕರಗಳೇ ಬೇರೊಂದು ಕ್ರಮದಲ್ಲಿ ಜೋಡಣೆಗೊಳ್ಳುತ್ತವೆ. ಹೆಸರಿಲ್ಲದ ದೊರೆಯೊಬ್ಬ ಕಪಿಗಳ ನೆರವಿನಿಂದ ಸಮುದ್ರ ದಾಟಿ ಹೆಂಡತಿಯನ್ನು ಮರಳಿ ಪಡೆಯುವ ಕಥೆ ಚೀನೀ ಭಾಷೆಯಲ್ಲಿ ಮೂರನೆಯ ಶತಮಾನದಷ್ಟು ಹಿಂದೆಯೇ ಇದೆ. ಅಲ್ಲಿ ಇಂದ್ರನೇ ಪುಟ್ಟ ಕೋತಿಯ ರೂಪದಲ್ಲಿ ಬಂದು ಸೇತುವೆ ಕಟ್ಟುವ ಉಪಾಯ ಹೇಳಿಕೊಡುತ್ತಾನೆ. ಅದನ್ನು ಅನುವಾದಿಸಿದ ಕಾಂಗ್ ಸೆಂಗ್‌ಹುಯಿಯ ಹಿರಿಯರು ಸಮರ್‌ಕಂದ್ ಸೀಮೆಯ ಸೊಗ್ದಿಯನ್ನರು. ಅವರು ಭಾರತದಲ್ಲಿ ನೆಲೆಸಿದ್ದು, ಬಳಿಕ ವ್ಯಾಪಾರಕ್ಕಾಗಿ ಇಂದಿನ ಉತ್ತರ ವಿಯೆಟ್ನಾಮಿಗೆ ವಲಸೆ ಹೋದ ಮನೆತನದವರು. ಸೆಂಗ್‌ಹುಯಿ 247ರಲ್ಲಿ ಇಂದಿನ ನಾನ್‌ಜಿಂಗ್ ಸೇರಿದನು. ಇಂಥವನ ಕಥೆಯನ್ನು ಯಾವ ದೇಶದ ಲೆಕ್ಕಕ್ಕೆ ಹಾಕಬೇಕು?

ಭಿಕ್ಷು, ಕೋತಿಮುಖದ ಅನುಚರ, ಕುದುರೆ ಈ ಮೂರೂ ಒಟ್ಟಿಗೆ ಕಾಣಿಸುವ ಅತ್ಯಂತ ಹಳೆಯ ಚಿತ್ರಗಳು ಯುಲಿನ್ ಗುಹೆಗಳಲ್ಲಿವೆ. 2 ಮತ್ತು 3ನೆಯ ಗುಹೆಗಳಲ್ಲಿ ಬೋಧಿಸತ್ವನಿಗೆ ಕೈಮುಗಿದು ನಿಂತ ಭಿಕ್ಷುವನ್ನೂ ಬಳಿಯಲ್ಲಿ ವಾನರನನ್ನೂ ನೋಡಬಹುದು. ಇವು ತಂಗುತ್ ಜನರ ಷಿ ಷಿಯಾ ರಾಜ್ಯದ (1038–1227) ಕಾಲದವು. ಚೀನೀ ಸಾಮ್ರಾಜ್ಯದ ಹೊರಗಿದ್ದ, ಸ್ವಂತ ಲಿಪಿಯನ್ನೇ ರೂಪಿಸಿಕೊಂಡಿದ್ದ ರಾಜ್ಯ ಅದು. ಯುಲಿನ್ ಇರುವುದು ಗುವಾಜೌವಿನಲ್ಲಿ, ಅಂದರೆ ಷಿ ಪಾನ್‌ತುಒ ಭಿಕ್ಷುವಿಗೆ ಸಿಕ್ಕ ಅದೇ ಸೀಮೆಯಲ್ಲಿ. ದಾರಿತೋರುಗನ ನೆನಪು ಅಲ್ಲಿ ಐದಾರು ಶತಮಾನ ಉಳಿದು ಚಿತ್ರವಾಯಿತು ಎಂದು ಸಾಧಿಸಲಾಗದು. ಆದರೆ ಯಾತ್ರೆಯ ಕಥೆಗೆ ಒಬ್ಬ ಮನುಷ್ಯೇತರ ಸಂಗಾತಿ ಬೇಕೆಂದು ಮೊದಲು ಕಂಡದ್ದು ಗಡಿಯ ಜನರಿಗೆ ಎಂಬುದಕ್ಕೆ ಈಗ ದೊರೆತಿರುವ ಚಿತ್ರಸಾಕ್ಷ್ಯ ಅನುಕೂಲವಾಗಿದೆ. ಹತ್ತಿರದ ದುನ್‌ಹುವಾಂಗಿನಲ್ಲಿ ದೊರೆತ ಇನ್ನೂ ಹಳೆಯ ಚಿತ್ರಗಳಲ್ಲಿ, ಬೆನ್ನ ಮೇಲೆ ಗ್ರಂಥಗಳ ಹೊರೆ ಹೊತ್ತ ಪರದೇಶಿ ಮುಖದ ಭಿಕ್ಷುವಿನ ಪಕ್ಕ ಹುಲಿಯೊಂದು ನಡೆಯುತ್ತದೆ. ಯಾತ್ರಿಕನ ಜೊತೆಗೆ ಕಾಡುಪ್ರಾಣಿಯನ್ನು ನಡೆಸುವ ಆಶಯ ಅಲ್ಲಿ ಮೊದಲೇ ಇತ್ತು.

ಒಳನಾಡಿನಲ್ಲಿ ಈ ಕಥೆ ಪುಸ್ತಕವಾದದ್ದು ಪೇಟೆಯ ರಂಜನೆಯ ಕೇರಿಯಲ್ಲಿ. ಮೇಲೆ ಹೇಳಿದ ಕಥಾಪುಸ್ತಕದ ಕೊನೆಯಲ್ಲಿ ‘ನಡುವಣ ವಾಜಿಯ ಜಾಂಗ್ ಮನೆತನದ ಮುದ್ರಣ’ ಎಂಬ ಗುರುತಿದೆ. ದಕ್ಷಿಣ ಸೊಂಗ್ ರಾಜಧಾನಿಯಾಗಿದ್ದ ಹಾಂಗ್‌ಜೌವಿನಲ್ಲಿ ಕಥೆಗಾರರು, ಬೊಂಬೆಯಾಟದವರು ಸೇರುತ್ತಿದ್ದ ಕೇರಿಗೆ ‘ವಾಜಿ’ ಎಂದು ಹೆಸರು. ಗದ್ಯಪದ್ಯಗಳು ಬೆರೆತ ಈ ಪುಸ್ತಕದಲ್ಲಿ ಹೂಹಣ್ಣುಗಳ ಬೆಟ್ಟದ 84,000 ಕಪಿಗಳ ಒಡೆಯ ಬಿಳಿಯುಡುಗೆಯ ವಿದ್ಯಾವಂತನ ವೇಷದಲ್ಲಿ ಬಂದು ಭಿಕ್ಷುವಿನ ಸಂಗಡಿಗನಾಗುತ್ತಾನೆ. ಚೀನಾದಲ್ಲಿ ಮರೆಯಾದ ಈ ಪುಸ್ತಕ ಉಳಿದದ್ದು ಜಪಾನಿನ ಕ್ಯೋಟೋ ಬಳಿಯ ಕೋಝಾನ್-ಜಿ ವಿಹಾರದಲ್ಲಿ; 1916ರಲ್ಲಿ ಲುಒ ಝೆನ್‌ಯು ಅದರ ಪ್ರತಿಕೃತಿಯನ್ನು ಪ್ರಕಟಿಸಿದನು. ಕಾದಂಬರಿಗಿಂತ ಹಳೆಯದಾದ ಇನ್ನೊಂದು ‘ಪಶ್ಚಿಮಯಾತ್ರೆ’ಯ ಪ್ರಸಂಗ ಉಳಿದಿರುವುದು ಚೀನೀ ಭಾಷೆ ಕಲಿಯಲು ಕೊರಿಯನ್ನರು ಬಳಸುತ್ತಿದ್ದ ಪಾಠಪುಸ್ತಕದಲ್ಲಿ. ಭಾರತದ ಕಡೆಗಿನ ಯಾತ್ರೆಯ ಚೀನೀ ಕಥೆಗೆ ಜಪಾನಿನ ವಿಹಾರ, ಕೊರಿಯಾದ ಪಾಠಶಾಲೆಗಳು ಕಾವಲಾದವು.

ಸಮುದ್ರದ ಹಾದಿಯ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ಕ್ವಾನ್‌ಜೌ ಬಂದರಿನ ಕಾಯ್‌ಯುವಾನ್ ವಿಹಾರದ ಪಶ್ಚಿಮ ಗೋಪುರದಲ್ಲಿ ಖಡ್ಗ ಹಿಡಿದ ವಾನರಮುಖದ ಶಿಲ್ಪವಿದೆ. ಗೋಪುರ ಪೂರ್ಣಗೊಂಡದ್ದು 1237ರಲ್ಲಿ. ಅದೇ ಊರಿನಲ್ಲಿ ತಮಿಳು ವರ್ತಕರ ಶಿವಾಲಯವಿದ್ದುದಕ್ಕೆ 1281ರ ತಮಿಳು ಶಾಸನ ಆಧಾರ. ಇವೆರಡನ್ನೂ ಜೋಡಿಸಿ ಶಿಲ್ಪಕ್ಕೆ ಹನುಮಂತನೇ ಮಾದರಿ ಎನ್ನುವವರಿದ್ದಾರೆ. ಶಾಸನ ಶಿಲ್ಪಕ್ಕಿಂತ 44 ವರ್ಷ ಈಚಿನದು ಎಂಬುದನ್ನು ಅವರು ಗಮನಿಸಬೇಕು. ಬಂದರಿನಲ್ಲಿ ಹಲವು ದೇಶದ ಕಥೆಗಳು ಎದುರುಬದುರಾಗಿದ್ದವು ಎಂಬಷ್ಟನ್ನು ಒಪ್ಪಬಹುದು. ಯಾವುದು ಯಾವುದರ ತಾಯಿ ಎಂದು ತೀರ್ಮಾನಿಸಲು ಇಷ್ಟು ಸಾಲದು.

7. ಹೆಸರಿನ ಪ್ರಸಂಗ

ಕಾದಂಬರಿಯ ಮೊದಲ ಅಧ್ಯಾಯದಲ್ಲಿ ವಾನರನಿಗೆ ಗುರು ಸುಬೋಧಿ ಹೆಸರಿಡುವ ಪ್ರಸಂಗವಿದೆ. ಕೋತಿಗೆ ಚೀನೀ ಭಾಷೆಯಲ್ಲಿ ‘ಹುಸುನ್’ ಎಂಬ ಹೆಸರುಂಟು. ಅದನ್ನು ಬರೆಯುವ ಎರಡು ಅಕ್ಷರಗಳಿಂದಲೂ ಪ್ರಾಣಿಸೂಚಕ ಭಾಗವನ್ನು ತೆಗೆದು ಮನೆತನದ ಹೆಸರು ಮಾಡಬಹುದೆಂದು ಗುರು ಯೋಚಿಸುತ್ತಾನೆ. ಮೊದಲ ಅಕ್ಷರದಿಂದ ‘ಹು’ ಬರುತ್ತದೆ. ಅದು ಮುದಿತನವನ್ನೂ ತಂಪನ್ನೂ ಸೂಚಿಸುವುದರಿಂದ ಫಲವಿಲ್ಲದ್ದು ಎಂದು ಬಿಟ್ಟು, ಎರಡನೆಯದರಿಂದ ಬರುವ ‘ಸುನ್’ ಅನ್ನು ಆರಿಸುತ್ತಾನೆ. ಮೇಲ್ನೋಟಕ್ಕೆ ಇದು ಅಕ್ಷರದಾಟ. ಆದರೆ ಹೀಗೆ ಕೈಬಿಟ್ಟ ‘ಹು’ ಎಂಬ ಅಕ್ಷರವೇ ಷಿ ಪಾನ್‌ತುಒವಿನಂತಹ ಪರದೇಶಿಯರನ್ನು ಸೂಚಿಸುತ್ತಿದ್ದ ಅಕ್ಷರ. ಕೃತಿಕಾರನಿಗೆ ಈ ಧ್ವನಿ ಉದ್ದಿಷ್ಟವಾಗಿತ್ತೆಂದು ಹೇಳುವುದು ಅತಿಯಾದೀತು. ಆದರೂ ಓದು ಬಲ್ಲ ಚೀನೀ ಓದುಗನ ಕಣ್ಣೆದುರಿಗೆ ‘ಹು’ ಒಂದು ಸಾಲಿನ ಮಟ್ಟಿಗೆ ಕಾಣಿಸಿಕೊಂಡು ಮರೆಯಾಗುತ್ತದೆ. ಪರಂಪರೆಯಲ್ಲಿ ನಡೆದ ಮರೆವಿನ ಸಣ್ಣ ಮಾದರಿಯೊಂದು ಪಠ್ಯದೊಳಗೇ ಉಳಿದಿದೆ.

ಕರ್ತೃತ್ವದ ವಿಚಾರದಲ್ಲಿಯೂ ಇದೇ ಬಗೆಯ ಏಕಮುಖತೆ ಕಂಡುಬರುತ್ತದೆ. 1592ರ ಮುದ್ರಣದಲ್ಲಿ ಕರ್ತೃವಿನ ಹೆಸರಿಲ್ಲ. ಬಹುಕಾಲ ಜನ ಇದನ್ನು ಚಿಂಗೀಸ್ ಖಾನನನ್ನು ಕಾಣಲು ಪಶ್ಚಿಮಕ್ಕೆ ಹೋಗಿದ್ದ ತಾವೋ ಯತಿ ಚ್ಯೂ ಚುಜಿಯ ಕೃತಿಯೆಂದು ನಂಬಿದ್ದರು; ಆ ಯತಿಯ ಪ್ರಯಾಣ ಕಥನಕ್ಕೂ ‘ಪಶ್ಚಿಮಯಾತ್ರೆ’ ಎಂಬ ಹೆಸರಿದ್ದುದು ಇದಕ್ಕೆ ಕಾರಣ. ಹುವಾಯ್‌ಆನ್ ಊರಿನ ಸ್ಥಳಚರಿತ್ರೆಯ ಒಂದು ಉಲ್ಲೇಖವನ್ನು ಆಧರಿಸಿ 1920ರ ದಶಕದಲ್ಲಿ ಹು ಷಿ, ಲು ಷುನ್ ಇದನ್ನು ವು ಚೆಂಗ್‌ಎನ್‌ಗೆ ಒಪ್ಪಿಸಿದರು. ಆ ಉಲ್ಲೇಖ ಇದೇ ಕಾದಂಬರಿಯದೆಂಬುದು ಖಚಿತವಿಲ್ಲ. ರಾಷ್ಟ್ರಸಾಹಿತ್ಯದ ಚರಿತ್ರೆಯನ್ನು ಕಟ್ಟುತ್ತಿದ್ದ ಆ ತಲೆಮಾರಿಗೆ ಮಹಾಕೃತಿಗೊಬ್ಬ ಮಹಾಕರ್ತೃ ಬೇಕಾಗಿದ್ದನು. ಇತ್ತ ಫುಜಿಯಾನ್ ಪ್ರಾಂತದ ಜನ ಕರ್ತೃವಿನ ಗೊಡವೆಯಿಲ್ಲದೆ ಸುನ್ ವುಕೋಂಗನನ್ನು ಗುಡಿಯಲ್ಲಿಟ್ಟು ಪೂಜಿಸುತ್ತ ಬಂದರು. ಪು ಸೊಂಗ್‌ಲಿಂಗನ ಕಥೆಯೊಂದರಲ್ಲಿ ಷಾಂದೊಂಗಿನ ವರ್ತಕನೊಬ್ಬ ಅಲ್ಲಿಗೆ ಹೋಗಿ, ಯಾರೋ ಬರೆದ ಕಟ್ಟುಕಥೆಯ ಕೋತಿಯನ್ನು ಪೂಜಿಸುವುದೇ ಎಂದು ನಕ್ಕು ಪಾಡು ಪಡುತ್ತಾನೆ.

8. ಸಮಾರೋಪ

ಕನ್ನಡದ ಜಾನಪದ ಅಧ್ಯಯನಕ್ಕೆ ಈ ಪರಂಪರೆಯ ವಿವೇಚನೆ ಅನ್ಯವಲ್ಲ. ರಾಮಾಯಣಗಳನ್ನು ಮೂಲ ಮತ್ತು ಪಾಠಾಂತರವೆಂದು ವಿಂಗಡಿಸದೆ, ಪ್ರತಿಯೊಂದನ್ನೂ ತನ್ನ ನೆಲೆಯಲ್ಲಿ ಪೂರ್ಣವಾದ ನಿರೂಪಣೆಯೆಂದು ನೋಡಬೇಕೆಂದು ಎ. ಕೆ. ರಾಮಾನುಜನ್ 1991ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಅದಕ್ಕೆ ಅವರು ಬಳಸಿಕೊಂಡ ನಿದರ್ಶನಗಳಲ್ಲಿ ಕನ್ನಡದ ಜನಪದ ರಾಮಾಯಣವೂ ಒಂದು. ಅದೇ ನಾಡಿನಲ್ಲಿ 2021ರಲ್ಲಿ, ಹನುಮಂತ ಹುಟ್ಟಿದ್ದು ಆನೆಗೊಂದಿಯ ಅಂಜನಾದ್ರಿಯಲ್ಲೋ ತಿರುಮಲದ ಅಂಜನಾದ್ರಿಯಲ್ಲೋ ಎಂಬ ವಿವಾದ ಎರಡು ರಾಜ್ಯಗಳ ನಡುವೆ ಕಾವೇರಿತು. ಚೀನಾದಲ್ಲಿಯೂ ಜಿಯಾಂಗ್ಸು ಪ್ರಾಂತದ ಲಿಯಾನ್‌ಯುನ್‌ಗಾಂಗಿನ ಒಂದು ಬೆಟ್ಟ ಇಂದು ‘ಹೂಹಣ್ಣುಗಳ ಬೆಟ್ಟ’ವೆಂದು ಪ್ರವಾಸಿಗರನ್ನು ಸೆಳೆಯುತ್ತಿದೆ. ಭಕ್ತರಿಗೂ ಪ್ರವಾಸಿಗರಿಗೂ ಜನ್ಮಸ್ಥಳ ಬೇಕಾಗುವುದರಲ್ಲಿ ತಪ್ಪಿಲ್ಲ. ಸಂಶೋಧನೆಯೂ ಅದೇ ಬೇಡಿಕೆಯನ್ನು ಪೂರೈಸಲು ತೊಡಗಿದಾಗ ಅದು ಕಥೆಯನ್ನು ಸಾಗಿಸಿದವರ ವಿರುದ್ಧ ನಿಲ್ಲುತ್ತದೆ.

‘ಪಶ್ಚಿಮಯಾತ್ರೆ’ಯ ಪರಂಪರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾರು ಯಾರಿಗೆ ಹೇಳಿದರು, ಯಾವ ಊರಿನಲ್ಲಿ ಬರೆದುಕೊಂಡರು, ಹೇಳುವಾಗ ಯಾರ ಹೆಸರು ಕಳಚಿತು, ಕಳಚಿದ ಜಾಗಕ್ಕೆ ಯಾರು ಬಂದರು ಎಂಬ ಪ್ರಶ್ನೆಗಳಿಗೆ ಖೋತಾನಿನ ಧರ್ಮಸಭೆ, ಯುಲಿನ್‌ನ ಗೋಡೆ, ಹಾಂಗ್‌ಜೌವಿನ ವಾಜಿ ಉತ್ತರ ಕೊಡಬಲ್ಲವು. ಹ್ಯೂಯೆನ್ ತ್ಸಾಂಗನ ‘ವೃತ್ತಾಂತ’ವನ್ನು ಭಾರತದ ಚರಿತ್ರೆಗೆ ಆಕರವಾಗಿ ಬಳಸುವವರು, ಅದು ತಲುಪಬೇಕಾದ ಓದುಗ ಒಬ್ಬ ಚಕ್ರವರ್ತಿಯಾಗಿದ್ದನೆಂಬುದನ್ನೂ, ಆ ಕಾರಣಕ್ಕೆ ಅದು ಗಾವೊಚಾಂಗನ್ನು ದಾಟಿಕೊಂಡೇ ಆರಂಭವಾಗುತ್ತದೆಂಬುದನ್ನೂ ಜೊತೆಗಿಟ್ಟುಕೊಂಡು ಓದಬೇಕಾಗಿದೆ. ಚ್ಯೂ ವೆಂತಾಯ್ ಕೊಟ್ಟ 24 ಪತ್ರಗಳಿಲ್ಲದಿದ್ದರೆ ಆ ಭಿಕ್ಷು ನಾಲಂದಾವನ್ನು ತಲುಪುತ್ತಿದ್ದುದೇ ಸಂದೇಹ; ಪುಲಕೇಶಿಯ ನಾಡನ್ನು ಕುರಿತ ಆ ಕೆಲವು ಸಾಲುಗಳೂ ಕನ್ನಡಿಗರಿಗೆ ದಕ್ಕುತ್ತಿರಲಿಲ್ಲ.